ಬೀಜದಿಂದ ಟೊಮೇಟೊ ಸಸಿ: ಮೊಳೆತ ಮೇಲೆ ಎರಡನೇ ವಾರದಲ್ಲಿ ಬುಡ ಬಾಗಿ ಬೀಳುವುದೇಕೆ?

ಮೂರನೇ ಮಹಡಿ, ಮೈಸೂರು | ಮೇ 30

ಎಲ್ಲರಿಗೂ ನಮಸ್ಕಾರ. ಮಾರ್ಚ್ ತಿಂಗಳಿನಿಂದ ಈವರೆಗೆ ಮೂರು ಸಲ ಟೊಮೇಟೊ ಬೀಜ ಬಿತ್ತಿದ್ದೇನೆ. ಮೂರು ಸಲವೂ ಒಂದೇ ಒಂದು ಸಸಿಯನ್ನು ಕೂಡ ದೊಡ್ಡ ಕುಂಡದವರೆಗೆ ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಏನೇನು ಮಾಡಿದೆ ಎಂಬುದನ್ನು ಬಿಡದೆ ಬರೆಯುತ್ತೇನೆ. ತಪ್ಪು ಎಲ್ಲಿ ಆಯಿತೆಂದು ತಿಳಿದವರು ದಯವಿಟ್ಟು ತಿಳಿಸಿಕೊಡಬೇಕು.

ಮೊದಲ ಸಲ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಕಾಗದದ ಲೋಟಗಳನ್ನಿಟ್ಟು, ಅವುಗಳಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, 20 ಬೀಜ ಹಾಕಿದೆ. ಆರನೇ ದಿನಕ್ಕೆ 18 ಮೊಳೆತವು. ಆಗ ಆದ ಸಂತೋಷವನ್ನು ಹೇಳಲಾರೆ. ಆದರೆ ಹನ್ನೆರಡನೇ ದಿನದ ಹೊತ್ತಿಗೆ ಅವು ಹೊಲಿಗೆಯ ದಾರದಷ್ಟು ಸಣ್ಣಗೆ, ನಾಲ್ಕು ಅಂಗುಲ ಉದ್ದಕ್ಕೆ ಬೆಳೆದು ಎಲ್ಲವೂ ಕಿಟಕಿಯ ಕಡೆಗೇ ಬಾಗಿದ್ದವು. ಮರುದಿನ ಬೆಳಿಗ್ಗೆ ನೋಡಿದರೆ, ಯಾರೋ ಉಗುರಿನಿಂದ ಚಿವುಟಿದಂತೆ ಬುಡ ಕಿರಿದಾಗಿ ಐದಾರು ಸಸಿಗಳು ಮಲಗಿದ್ದವು. ನಾಲ್ಕು ದಿನಗಳಲ್ಲಿ ಎಲ್ಲವೂ ಹೋದವು. ನೀರಿಗಂತೂ ಕೊರತೆ ಮಾಡಿರಲಿಲ್ಲ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹಾಕುತ್ತಿದ್ದೆ.

ಎರಡನೇ ಸಲ ಕೋಕೋಪೀಟ್ ಸರಿಯಿಲ್ಲವೇನೋ ಎಂದು ಹಳೆಯ ಕುಂಡದ ಮಣ್ಣಿಗೆ ಮನೆಯ ಕಸದಿಂದ ಮಾಡಿದ ಗೊಬ್ಬರ ಬೆರೆಸಿ ಬಿತ್ತಿದೆ. 20ರಲ್ಲಿ ಏಳು ಮಾತ್ರ ಮೇಲೆ ಬಂದವು, ಅವೂ ಅದೇ ರೀತಿ ಬುಡ ಬಾಗಿದವು. ಮೂರನೇ ಸಲ ಬೆಳಕು ಸಾಲದೇ ಹೋಯಿತೆಂದು ಭಾವಿಸಿ, ಏಪ್ರಿಲ್ ಕೊನೆಯಲ್ಲಿ ಲೋಟಗಳನ್ನು ನೇರವಾಗಿ ತಾರಸಿಯ ಮೇಲೆ ಇಟ್ಟೆ. ಮೊಳೆತ ನಾಲ್ಕೈದು ಸಸಿಗಳು ಎರಡೇ ದಿನದಲ್ಲಿ ಒಣಗಿದವು.

ಬೀಜವೇ ಕಳಪೆಯೋ, ನನ್ನ ಕ್ರಮವೇ ತಪ್ಪೋ ತಿಳಿಯುತ್ತಿಲ್ಲ. ನಮ್ಮದು ಮೂರನೇ ಮಹಡಿ, ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿ ಇದೆ, ಬೆಳಿಗ್ಗೆ ಹನ್ನೊಂದರವರೆಗೆ ಬಿಸಿಲು ಬೀಳುತ್ತದೆ.

ಶ್ರೀನಿವಾಸಪುರದ ಬೆಳೆಗಾರ | ಮೇ 30

ಮೈಸೂರಿನ ಸದಸ್ಯರಿಗೆ ನಮಸ್ಕಾರ. ಇಪ್ಪತ್ತರಲ್ಲಿ ಹದಿನೆಂಟು ಮೊಳೆತ ಬೀಜವನ್ನು ಕಳಪೆ ಎನ್ನಲಾಗದು. ಟೊಮೇಟೊ ಬೀಜ ನೂರಕ್ಕೆ ಕನಿಷ್ಠ 70 ಮೊಳೆಯಬೇಕೆಂಬುದು ನಮ್ಮ ದೇಶದ ಬೀಜ ಮಾನದಂಡ, ನಿಮ್ಮದು 90 ಮೊಳೆತಿದೆ. ಆದ್ದರಿಂದ ಬೀಜದ ಚಿಂತೆಯನ್ನು ಬಿಟ್ಟುಬಿಡಿ.

ನಿಮ್ಮ ಸಸಿಗಳಿಗೆ ಬಂದದ್ದು ಒಂದು ತೊಂದರೆಯಲ್ಲ, ಎರಡು. ಉದ್ದವಾಗಿ ಸಣಕಲಾದದ್ದು ಬೆಳಕಿನ ಕೊರತೆಯಿಂದ, ಬುಡ ಚಿವುಟಿದಂತಾಗಿ ಬಿದ್ದದ್ದು ನೀರು ಹೆಚ್ಚಾದದ್ದರಿಂದ. ಎರಡೂ ಒಂದೇ ವಾರದಲ್ಲಿ ಕಾಣಿಸಿಕೊಳ್ಳುವುದರಿಂದ ಒಂದೇ ರೋಗವೆಂದು ಜನ ತಿಳಿಯುತ್ತಾರೆ.

ನಮ್ಮ ಕಡೆ ಸಸಿ ಬೆಳೆಸುವ ನರ್ಸರಿಗಳಲ್ಲಿ ಏನು ಮಾಡುತ್ತಾರೆಂದು ಹೇಳಿದರೆ ಬೆಳಕಿನ ಮಾತು ನಿಮಗೆ ಸ್ಪಷ್ಟವಾಗುತ್ತದೆ. 98 ಗುಳಿಗಳ ಪ್ರೋಟ್ರೇಗೆ ಕೋಕೋಪೀಟ್ ತುಂಬಿ, ಗುಳಿಗೆ ಒಂದರಂತೆ ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಇಟ್ಟು, ಮೇಲೆ ಮತ್ತೆ ಕೋಕೋಪೀಟ್ ಉದುರಿಸಿ, ಹತ್ತು ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುತ್ತೇವೆ. ಒಳಗೆ ತೇವವೂ ಬೆಚ್ಚಗಿನ ಹವೆಯೂ ನಿಲ್ಲುತ್ತವೆ, ಮೊಳೆಯುವುದಕ್ಕೆ ಬೆಳಕು ಬೇಕಿಲ್ಲ. ಆದರೆ ಮೂರನೇ ದಿನದಿಂದ ಹೊತ್ತು ಹೊತ್ತಿಗೆ ಹಾಳೆ ಎತ್ತಿ ನೋಡುತ್ತೇವೆ. ಮೊದಲ ಕೆಲವು ಮೊಳಕೆಗಳ ತಲೆ ಕಂಡ ಕೂಡಲೇ, ಅದು ಸಂಜೆಯಾಗಲಿ ಭಾನುವಾರವಾಗಲಿ, ಟ್ರೇಗಳನ್ನು ಬಿಚ್ಚಿ ನೆರಳು ಬಲೆಯ ಕೆಳಗೆ ಹರಡಲೇಬೇಕು. ಒಂದು ದಿನ ತಡಮಾಡಿದರೂ ಆ ಟ್ರೇಯ ಪೈರೆಲ್ಲ ಕತ್ತು ಉದ್ದ ಮಾಡಿಕೊಳ್ಳುತ್ತದೆ, ಅಂಥ ಪೈರನ್ನು ರೈತರು ಕೊಳ್ಳುವುದಿಲ್ಲ. ನರ್ಸರಿಯಲ್ಲಿ ಒಂದು ದಿನ ಸಹಿಸದ ಸಸಿಯನ್ನು ನೀವು ಅಡುಗೆಮನೆಯಲ್ಲಿ ಆರು ದಿನ ಇಟ್ಟಿದ್ದೀರಿ. ನಮ್ಮ ಕಣ್ಣಿಗೆ ಕಿಟಕಿಯ ಪಕ್ಕ ಬೆಳಕಾಗಿಯೇ ಕಾಣುತ್ತದೆ, ಸಸಿಗೆ ಅದು ಮಬ್ಬುಗತ್ತಲೆ.

ಆದ್ದರಿಂದ ಬಿತ್ತಿದ ಲೋಟ ಎಲ್ಲಿದ್ದರೂ ಸರಿ, ಮೊದಲ ಮೊಳಕೆ ಬಾಗಿದ ಬೆನ್ನು ತೋರಿಸಿದ ದಿನವೇ ಅದನ್ನು ಬಾಲ್ಕನಿಗೆ ಒಯ್ಯಿರಿ. ಉಳಿದವು ಮೊಳೆಯಲಿ ಎಂದು ಕಾಯಬೇಡಿ, ಅವು ಅಲ್ಲಿಯೇ ಮೊಳೆಯುತ್ತವೆ. ನಿಮ್ಮ ಪೂರ್ವದ ಬಿಸಿಲು ಎಳೆ ಸಸಿಗೆ ಬಹಳ ಒಳ್ಳೆಯದು.

ತಾರಸಿಯಲ್ಲಿ ಆದದ್ದು ಬೇರೆ. ಏಪ್ರಿಲ್ ಬಿಸಿಲಿನಲ್ಲಿ ಕಾಂಕ್ರೀಟ್ ನೆಲದ ಮೇಲಿಟ್ಟ ಪುಟ್ಟ ಲೋಟದಲ್ಲಿ ಬೇರೇ ಬೆಂದುಹೋಗುತ್ತದೆ. ಕೋಕೋಪೀಟ್ ಒಮ್ಮೆ ಪೂರ್ತಿ ಒಣಗಿದರೆ ಮೇಲಿನಿಂದ ಹಾಕಿದ ನೀರನ್ನು ಹೀರುವುದಿಲ್ಲ, ನೀರು ಅಂಚಿನಿಂದ ಇಳಿದುಹೋಗುತ್ತದೆ.

ಸಸ್ಯರೋಗ ವಿದ್ಯಾರ್ಥಿ, ಬಾಗಲಕೋಟೆ | ಮೇ 31

ಶ್ರೀನಿವಾಸಪುರದ ಹಿರಿಯರ ಮಾತಿಗೆ ರೋಗದ ಭಾಗವನ್ನಷ್ಟು ಸೇರಿಸುತ್ತೇನೆ. ಬುಡ ಬಾಗಿ ಬೀಳುವುದನ್ನು ಸಸಿ ಕೊಳೆ ರೋಗ ಎನ್ನುತ್ತಾರೆ. ಇದಕ್ಕೆ ಕಾರಣವಾಗುವ ಜೀವಿಗಳು ಒಂದಲ್ಲ, ಆದರೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಡುವುದು ಪಿಥಿಯಂ ಮತ್ತು ರೈಜೋಕ್ಟೋನಿಯಾ. ಪಿಥಿಯಂನ ವಿಶೇಷವೆಂದರೆ ಅದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ನೆಂದು ತೊಟ್ಟಿಕ್ಕುವ ಕೋಕೋಪೀಟ್ ಅವುಗಳಿಗೆ ಕೆರೆಯಿದ್ದಂತೆ, ಒಂದು ಸಸಿಯಿಂದ ಪಕ್ಕದ ಸಸಿಗೆ ಹೋಗಲು ಒಂದು ರಾತ್ರಿ ಸಾಕು. ಎಳೆಯ ಕಾಂಡದ ತೊಗಟೆ ಗಟ್ಟಿಯಾಗುವವರೆಗೆ, ಅಂದರೆ ಮೊದಲ ಎರಡು ಮೂರು ವಾರ, ಅಪಾಯ ಹೆಚ್ಚು. ಬೆಳಕಿಲ್ಲದೆ ಸಣಕಲಾದ ಕಾಂಡ ಇನ್ನೂ ಮೆತ್ತಗಿರುವುದರಿಂದ ಎರಡು ತೊಂದರೆಗಳೂ ಒಂದಕ್ಕೊಂದು ನೆರವಾದವು.

ಎರಡನೇ ಸಲ 20ರಲ್ಲಿ ಏಳೇ ಮೇಲೆ ಬಂದವು ಎಂದಿರಲ್ಲ, ಉಳಿದ ಹದಿಮೂರು ಮೊಳೆಯಲಿಲ್ಲ ಎಂದಲ್ಲ. ಮೊಳೆತು ಮಣ್ಣಿನೊಳಗೇ ಕೊಳೆತಿರುವ ಸಾಧ್ಯತೆ ಹೆಚ್ಚು, ಈ ರೋಗಕ್ಕೆ ಆ ಹಂತವೂ ಉಂಟು. ಹಳೆಯ ಕುಂಡದ ಮಣ್ಣು ಮತ್ತು ಪೂರ್ತಿ ಕಳಿಯದ ಗೊಬ್ಬರ ಎರಡೂ ಈ ರೋಗಾಣುಗಳ ಮನೆ. ದೊಡ್ಡ ಗಿಡಕ್ಕೆ ಅಮೃತವಾಗುವ ಗೊಬ್ಬರ ಮೊಳಕೆಗೆ ಬೇಡ, ಮೊದಲ ಹತ್ತು ದಿನದ ಆಹಾರ ಬೀಜದೊಳಗೇ ಇರುತ್ತದೆ.

ಬಿದ್ದ ಸಸಿಯನ್ನು ಉಳಿಸುವ ಔಷಧ ಯಾವುದೂ ಇಲ್ಲ. ತಡೆಯುವುದೊಂದೇ ದಾರಿ. ಲೋಟದ ತಳಕ್ಕೆ ಮೂರು ನಾಲ್ಕು ತೂತು ಮಾಡಿ, ಹಳೆಯ ಲೋಟವಾದರೆ ಸೋಪಿನಿಂದ ತೊಳೆದು ಒಣಗಿಸಿ, ಒಂದು ಲೋಟಕ್ಕೆ ಒಂದೇ ಸಸಿ ಉಳಿಸಿ. ಕೃಷಿ ಅಂಗಡಿಗಳಲ್ಲಿ ಸಿಗುವ ಟ್ರೈಕೋಡರ್ಮಾ ಪುಡಿಯನ್ನು ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ, ಬಿತ್ತುವುದಕ್ಕೆ ಒಂದು ವಾರ ಮೊದಲೇ ತೇವದ ಕೋಕೋಪೀಟ್‌ಗೆ ಬೆರೆಸಿ ನೆರಳಿನಲ್ಲಿಟ್ಟರೆ ಒಳ್ಳೆಯದು. ಅದು ರೋಗಾಣುಗಳನ್ನು ಹತ್ತಿಕ್ಕುವ ಜೀವಂತ ಶಿಲೀಂಧ್ರವಾದ್ದರಿಂದ ಹಳೆಯ ಪೊಟ್ಟಣ ಕೊಳ್ಳಬೇಡಿ. ಇನ್ನೊಂದು ಮಾತು: ಗುಲಾಬಿ ಅಥವಾ ನೀಲಿ ಬಣ್ಣ ಬಳಿದ ಬೀಜವಾದರೆ ಅದಕ್ಕೆ ಆಗಲೇ ಶಿಲೀಂಧ್ರನಾಶಕ ಲೇಪಿಸಿದ್ದಾರೆಂದು ಅರ್ಥ. ಅಂಥ ಬೀಜವನ್ನು ಮಕ್ಕಳ ಕೈಗೆ ಕೊಡಬೇಡಿ, ಬಿತ್ತಿದ ಮೇಲೆ ಕೈ ತೊಳೆಯಿರಿ.

ಮೂರನೇ ಮಹಡಿ, ಮೈಸೂರು | ಮೇ 31

ಇಬ್ಬರಿಗೂ ಮನಸಾರೆ ವಂದನೆಗಳು. ನಾನು ಬಳಸಿದ ಲೋಟಗಳಿಗೆ ತೂತು ಮಾಡಿರಲಿಲ್ಲ ಎಂಬುದನ್ನು ಓದುವಾಗಲೇ ನೆನಪಾಗಿ ಬೇಸರವಾಯಿತು. ಒಂದು ಸಂದೇಹ: ಎರಡು ಹೊತ್ತು ನೀರು ಹೆಚ್ಚು ಎಂದಾದರೆ ಎಷ್ಟು ಹೊತ್ತು ಸರಿ? ಒಂದು ದಿನ ಬಿಟ್ಟು ಒಂದು ದಿನ ಎಂಬಂಥ ಲೆಕ್ಕವಿದೆಯೇ?

ಶ್ರೀನಿವಾಸಪುರದ ಬೆಳೆಗಾರ | ಜೂನ್ 1

ದಿನದ ಲೆಕ್ಕ ಹಿಡಿಯಬೇಡಿ. ಮೋಡದ ದಿನಕ್ಕೂ ಗಾಳಿಯ ದಿನಕ್ಕೂ ಒಂದೇ ನೀರು ಆಗುವುದಿಲ್ಲ. ಒಂದು ಲೋಟಕ್ಕೆ ನೀರು ಹಾಕಿ ಹೆಚ್ಚಿನದು ಇಳಿದ ಮೇಲೆ ಕೈಯಲ್ಲಿ ಎತ್ತಿ ಅದರ ಭಾರವನ್ನು ಅಂದಾಜು ಮಾಡಿಕೊಳ್ಳಿ. ಮರುದಿನ ಎತ್ತಿ ನೋಡಿ. ಅರ್ಧದಷ್ಟು ಹಗುರವಾಗಿ, ಮೇಲಿನ ಪದರ ಕಡು ಕಂದಿನಿಂದ ತಿಳಿ ಕಂದಿಗೆ ತಿರುಗಿದ್ದರೆ ಆಗ ನೀರು ಬೇಕು. ಎರಡು ದಿನ ಹೀಗೆ ಮಾಡಿದರೆ ಕೈಗೆ ತಾನಾಗಿ ತಿಳಿಯುತ್ತದೆ. ನೀರನ್ನು ಬೆಳಿಗ್ಗೆಯೇ ಹಾಕಿ, ಸಂಜೆ ಹಾಕಿದ ನೀರು ರಾತ್ರಿಯಿಡೀ ಬುಡದಲ್ಲಿ ನಿಲ್ಲುತ್ತದೆ. ಒಂದು ತಟ್ಟೆಯಲ್ಲಿ ಬೆರಳು ಗಾತ್ರ ನೀರು ಹಾಕಿ ಲೋಟಗಳನ್ನು ಅದರಲ್ಲಿ ಕಾಲು ಗಂಟೆ ಇಟ್ಟು, ಕೆಳಗಿನಿಂದ ಹೀರಿಕೊಂಡ ಮೇಲೆ ಎತ್ತಿಬಿಟ್ಟರೆ ಮೇಲ್ಭಾಗ ಒಣಗಿಯೇ ಇರುತ್ತದೆ. ಮನೆಯಲ್ಲಿ ಹತ್ತಿಪ್ಪತ್ತು ಸಸಿ ಬೆಳೆಸುವವರಿಗೆ ಇದಕ್ಕಿಂತ ಒಳ್ಳೆಯ ಕ್ರಮ ನಾನು ಕಂಡಿಲ್ಲ.

ಕೋಕೋಪೀಟ್ ಇಟ್ಟಿಗೆ ತಂದಿರಾದರೆ ನೆನೆಸಿ ಅರಳಿದ ಮೇಲೆ ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆದು ಹಿಂಡಿ. ಮೊದಲ ನೀರು ಕಡು ಕಷಾಯದ ಬಣ್ಣ ಬರುತ್ತದೆ, ಅದರಲ್ಲಿ ಉಪ್ಪಿನಂಶ ಇರುತ್ತದೆ. ಬಿತ್ತುವಾಗ ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ತೇವವಿರಲಿ.

ಧಾರವಾಡ ಕೈತೋಟ | ಜೂನ್ 2

ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಾನು ನಿವೃತ್ತ ಶಿಕ್ಷಕಿ, ಹನ್ನೊಂದು ವರ್ಷಗಳಿಂದ ನನ್ನ ಹಿತ್ತಲಿನ ಒಂದೇ ಬಗೆಯ ಟೊಮೇಟೊ ಬೀಜವನ್ನು ನಾನೇ ಹಿಡಿದು ಬಿತ್ತುತ್ತಿದ್ದೇನೆ. ಬೀಜ ಹಿಡಿಯುವ ಮಾತು ಇಲ್ಲಿ ಬರಲಿಲ್ಲವಾದ್ದರಿಂದ ಬರೆಯುತ್ತೇನೆ, ಏಕೆಂದರೆ ಸಂತೆಯಿಂದ ತಂದ ಹಣ್ಣನ್ನು ಹಿಂಡಿ ಬಿತ್ತುವವರು ಬಹಳ ಮಂದಿ.

ಸಂತೆಯ ಹಣ್ಣಿನ ಬೀಜ ಮೊಳೆಯುವುದಿಲ್ಲ ಎಂಬ ಮಾತು ನಿಜವಲ್ಲ, ಚೆನ್ನಾಗಿಯೇ ಮೊಳೆಯುತ್ತದೆ. ಆದರೆ ಈಗ ಮಾರುಕಟ್ಟೆಗೆ ಬರುವ ಹಣ್ಣು ಬಹುಪಾಲು ಹೈಬ್ರಿಡ್, ಅಂದರೆ ಎರಡು ತಳಿಗಳನ್ನು ಕೂಡಿಸಿ ಪಡೆದ ಬೀಜದ್ದು. ಅದರ ಬೀಜದಿಂದ ಹುಟ್ಟಿದ ಗಿಡಗಳು ಒಂದೊಂದು ಒಂದೊಂದು ಬಗೆಯಾಗುತ್ತವೆ: ಒಂದರಲ್ಲಿ ಹಣ್ಣು ದಪ್ಪ, ಇನ್ನೊಂದರಲ್ಲಿ ನೆಲ್ಲಿಕಾಯಿ ಗಾತ್ರ, ತಾಯಿಗಿದ್ದ ರೋಗ ತಡೆಯುವ ಗುಣ ಕೆಲವಕ್ಕೆ ಬಂದು ಕೆಲವಕ್ಕೆ ಬರುವುದಿಲ್ಲ. ನೋಡುವ ಕುತೂಹಲವಿದ್ದರೆ ಬಿತ್ತಿ, ಎರಡೇ ಕುಂಡಕ್ಕೆ ಜಾಗವಿದ್ದರೆ ಬಿತ್ತಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್, ದೆಹಲಿಯ ಪೂಸಾ ರೂಬಿ ಇಂಥವು ಹೈಬ್ರಿಡ್ ಅಲ್ಲದ ತಳಿಗಳು. ಟೊಮೇಟೊ ಹೂವು ಬಹುತೇಕ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ, ಇವುಗಳ ಬೀಜ ಹಿಡಿದರೆ ಮರುವರ್ಷವೂ ಅದೇ ಗಿಡ ಬರುತ್ತದೆ.

ಬೀಜದ ಸುತ್ತ ಇರುವ ಲೋಳೆಯಲ್ಲಿ ಮೊಳೆಯುವುದನ್ನು ತಡೆಯುವ ಅಂಶವಿದೆ, ಹಾಗಿರುವುದರಿಂದಲೇ ಹಣ್ಣಿನೊಳಗೆ ಅಷ್ಟು ನೀರಿದ್ದರೂ ಬೀಜ ಸುಮ್ಮನಿರುತ್ತದೆ. ಆ ಲೋಳೆ ಹೋಗಬೇಕು. ಗಿಡದಲ್ಲೇ ಪೂರ್ತಿ ಮಾಗಿದ ಹಣ್ಣನ್ನು ಗಾಜಿನ ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಸೇರಿಸಿ, ತೆಳು ಬಟ್ಟೆ ಮುಚ್ಚಿ ಇಡುತ್ತೇನೆ. ನಮ್ಮ ಹವೆಯಲ್ಲಿ ಒಂದೂವರೆ ಎರಡು ದಿನಕ್ಕೆ ದೋಸೆಹಿಟ್ಟಿನಂತೆ ಹುಳಿ ವಾಸನೆ ಬಂದು ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಆಗ ನೀರು ಹಾಕಿ ಕಲಕಿದರೆ ಜಳ್ಳು ತೇಲಿ ಗಟ್ಟಿ ಬೀಜ ತಳಕ್ಕಿಳಿಯುತ್ತದೆ. ಚಹಾ ಜರಡಿಯಲ್ಲಿ ತೊಳೆದು, ಸ್ಟೀಲ್ ತಟ್ಟೆಯಲ್ಲಿ ನೆರಳಿಗೆ ಹರಡಿ, ದಿನಕ್ಕೆರಡು ಸಲ ಕೈಯಾಡಿಸಿ ನಾಲ್ಕು ದಿನ ಒಣಗಿಸಬೇಕು. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬಿಡುತ್ತವೆ. ಮೂರು ದಿನ ದಾಟಿ ಹುಳಿಯಲು ಬಿಟ್ಟರೆ ಲೋಟದಲ್ಲೇ ಮೊಳಕೆ ಕಾಣಿಸುತ್ತದೆ, ಒಂದು ವರ್ಷ ಊರಿಗೆ ಹೋಗಿ ಬರುವಷ್ಟರಲ್ಲಿ ನನ್ನ ಇಡೀ ವರ್ಷದ ಬೀಜ ಹಾಗೆ ಹೋಯಿತು. ನಮ್ಮ ತಾಯಿ ಬೀಜಕ್ಕೆ ಒಲೆಯ ಬೂದಿ ಸವರಿ ಮಡಕೆಯಲ್ಲಿಡುತ್ತಿದ್ದರು. ನಾನು ಗಾಜಿನ ಬಾಟಲಿಯಲ್ಲಿ ಇಡುತ್ತೇನೆ, ಒಣಗಿ ತಂಪಾಗಿದ್ದರೆ ಮೂರು ನಾಲ್ಕು ವರ್ಷ ಮೊಳೆಯುತ್ತದೆ.

ಅಂಗಡಿಯ ಪೊಟ್ಟಣ ಕೊಳ್ಳುವವರು ಅದರ ಹಿಂದೆ ಮೊಳಕೆ ಪರೀಕ್ಷೆಯ ದಿನಾಂಕ ನೋಡಿ, ಸಾಮಾನ್ಯವಾಗಿ ಆ ದಿನದಿಂದ ಒಂಬತ್ತು ತಿಂಗಳಿಗೆ ಅವಧಿ ಮುಗಿಯುತ್ತದೆ.

ಕರಾವಳಿ ಹಿತ್ತಲು, ಪುತ್ತೂರು | ಜೂನ್ 3

ಮೈಸೂರಿನಲ್ಲಿ ಜೂನ್ ತಿಂಗಳು ಬಿತ್ತಬಹುದು. ನಮ್ಮ ಕಡೆಯವರು ಇದನ್ನು ಓದಿ ಈಗಲೇ ಬೀಜ ಹಾಕಬಾರದೆಂದು ಈ ಮಾತು. ಆರಿದ್ರಾ ಮಳೆ ಹಿಡಿದ ಮೇಲೆ ಇಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ, ಮಾಡಿನ ಕೆಳಗಿಟ್ಟರೂ ಗಾಳಿಯೇ ನೀರಾಗಿರುತ್ತದೆ. ನಾವು ಸೆಪ್ಟೆಂಬರ್ ನಡುವಿನಲ್ಲಿ ಬೀಜ ಹಾಕಿ ಅಕ್ಟೋಬರ್‌ನಲ್ಲಿ ನಾಟಿ ಮಾಡುತ್ತೇವೆ.

ನಮಗೆ ಇನ್ನೊಂದು ದೊಡ್ಡ ಕಷ್ಟವಿದೆ. ಸಸಿ ಚೆನ್ನಾಗಿ ಬೆಳೆದು, ಹೂ ಬಿಟ್ಟು, ಕಾಯಿ ಕಟ್ಟುವ ಹೊತ್ತಿಗೆ ಒಂದು ಮಧ್ಯಾಹ್ನ ಹಸಿರಾಗಿಯೇ ಜೋತು ಬೀಳುತ್ತದೆ. ನೀರು ಹಾಕಿದರೂ ಏಳುವುದಿಲ್ಲ. ಕಾಂಡದ ತುಂಡನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಹಾಕಿದರೆ, ಕೆಲವು ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಇಳಿಯುವುದು ಕಾಣುತ್ತದೆ. ಅದು ದುಂಡಾಣು ಸೊರಗು ರೋಗ, ನಮ್ಮ ಹುಳಿ ಗುಣದ ಮುರಕಲ್ಲು ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಬದುಕಿರುತ್ತದೆ, ಬದನೆ ಮೆಣಸಿನ ಗಿಡಗಳಿಗೂ ಬರುತ್ತದೆ. ಆದ್ದರಿಂದ ಕರಾವಳಿ ಮಲೆನಾಡಿನವರು ಬೀಜ ಆರಿಸುವಾಗಲೇ ಈ ರೋಗ ತಡೆಯುವ ತಳಿ ನೋಡಬೇಕು. ಹೆಸರಘಟ್ಟದ ಅರ್ಕಾ ಆಭಾ, ಹೈಬ್ರಿಡ್ ಬೇಕೆಂದರೆ ಅರ್ಕಾ ರಕ್ಷಕ್, ಕೇರಳ ಕೃಷಿ ವಿಶ್ವವಿದ್ಯಾಲಯದ ಅನಘ, ಇವುಗಳಲ್ಲಿ ಆ ಶಕ್ತಿ ಇದೆ. ನಾನು ನಾಲ್ಕು ವರ್ಷ ಅಂಗಡಿಯಲ್ಲಿ ಕಂಡ ಸುಂದರ ಚಿತ್ರದ ಪೊಟ್ಟಣಗಳನ್ನೇ ತಂದು ನಾಲ್ಕು ವರ್ಷವೂ ಗಿಡ ಕಳೆದುಕೊಂಡೆ.

ಸಸಿ ಮಾಡುವುದಕ್ಕೆ ಲೋಟ ಕೊಳ್ಳುವ ಅಗತ್ಯವಿಲ್ಲ. ಕಣ್ಣು ತೂತು ಮಾಡಿದ ತೆಂಗಿನ ಗೆರಟೆ ಬಹಳ ಚೆನ್ನಾಗಿ ಆಗುತ್ತದೆ.

ಮಿಚಿಗನ್ ಕನ್ನಡತಿ | ಜೂನ್ 4

ನಾವಿರುವಲ್ಲಿ ಮೇ ನಡುವಿನವರೆಗೂ ಹಿಮ ಬೀಳುವ ಭಯ ಇರುವುದರಿಂದ ಏಪ್ರಿಲ್ ಮೊದಲ ವಾರ ಮನೆಯೊಳಗೇ ಬಿತ್ತಿ ಆರೇಳು ವಾರ ಒಳಗೇ ಸಾಕಬೇಕು. ಬಾಲ್ಕನಿಯೇ ಇಲ್ಲದ ಬೆಂಗಳೂರಿನ ಗೆಳೆಯರಿಗೂ ಈ ಅನುಭವ ಉಪಯೋಗಕ್ಕೆ ಬರಬಹುದು. ಸಾಧಾರಣ ಬಿಳಿ ಎಲ್‌ಇಡಿ ಪಟ್ಟಿ ದೀಪವೇ ಸಾಕು, ಆದರೆ ಅದು ಸಸಿಯ ತಲೆಯಿಂದ ಮೂರು ನಾಲ್ಕು ಅಂಗುಲ ಮಾತ್ರ ಮೇಲಿರಬೇಕು, ದಿನಕ್ಕೆ 14ರಿಂದ 16 ಗಂಟೆ ಉರಿಯಬೇಕು, ಸಸಿ ಬೆಳೆದಂತೆ ದೀಪವನ್ನು ಎತ್ತರಿಸಬೇಕು. ಮೊದಲ ವರ್ಷ ದೀಪವನ್ನು ಛಾವಣಿಯ ಹತ್ತಿರ ಕಟ್ಟಿ ನಾನೂ ದಾರದಂಥ ಸಸಿಗಳನ್ನೇ ಬೆಳೆಸಿದ್ದೆ. ಒಳಗೆ ಗಾಳಿ ಇರುವುದಿಲ್ಲವಾದ್ದರಿಂದ ದಿನಕ್ಕೆರಡು ಸಲ ಅಂಗೈಯಿಂದ ಸಸಿಗಳ ತಲೆಯನ್ನು ಮೆಲ್ಲಗೆ ಸವರುತ್ತೇನೆ, ಹೀಗೆ ಅಲುಗಾಡಿದ ಕಾಂಡ ಗಿಡ್ಡವಾಗಿ ಗಟ್ಟಿಯಾಗುತ್ತದೆ.

ಮೂರನೇ ಮಹಡಿ, ಮೈಸೂರು | ಜೂನ್ 27

ಎಲ್ಲರ ಮಾತನ್ನೂ ಬರೆದಿಟ್ಟುಕೊಂಡು ಜೂನ್ 14ರಂದು ಮತ್ತೆ ಬಿತ್ತಿದೆ. ಲೋಟಗಳಿಗೆ ತೂತು ಮಾಡಿ, ಮೂರು ಸಲ ತೊಳೆದ ಕೋಕೋಪೀಟ್ ತುಂಬಿ, ಮೊದಲೇ ಟ್ರೈಕೋಡರ್ಮಾ ಬೆರೆಸಿ, 12 ಬೀಜ ಹಾಕಿದೆ. ಐದನೇ ದಿನ ಬೆಳಗಿನ ಜಾವ ಮೂರು ಮೊಳಕೆಗಳು ಕಂಡವು, ಆ ಗಳಿಗೆಯಲ್ಲೇ ಎಲ್ಲವನ್ನೂ ಬಾಲ್ಕನಿಗೆ ಒಯ್ದೆ. ಒಟ್ಟು ಹತ್ತು ಮೊಳೆತಿವೆ. ಇಂದಿಗೆ ಹದಿಮೂರು ದಿನ. ಎರಡು ಅಂಗುಲವೂ ಇಲ್ಲ, ಆದರೆ ನೆಟ್ಟಗೆ ನಿಂತಿವೆ, ಕಾಂಡ ಬೆಂಕಿಕಡ್ಡಿಯ ಅರ್ಧದಷ್ಟು ದಪ್ಪವಿದೆ. ಮೊದಲ ಸಲದ ನಾಲ್ಕು ಅಂಗುಲವನ್ನು ಕಂಡು ಬೆಳವಣಿಗೆ ಎಂದು ನಾನು ಹಿಗ್ಗಿದ್ದೆ, ಗಿಡ್ಡಗಿರುವುದೇ ಆರೋಗ್ಯ ಎಂದು ಈಗ ಕಣ್ಣಾರೆ ನೋಡಿದೆ. ಈವರೆಗೆ ಒಂದೂ ಬಿದ್ದಿಲ್ಲ.

ಎರಡು ಪ್ರಶ್ನೆಗಳಿವೆ. ಮೊದಲ ಜೋಡಿ ಎಲೆಗಳು ನೀಳವಾಗಿ ಅಂಚು ಸರಳವಾಗಿದ್ದವು, ಈಗ ಬರುತ್ತಿರುವವು ಟೊಮೇಟೊ ಎಲೆಯಂತೆ ಕತ್ತರಿಸಿದ ಅಂಚಿನವು, ಇದು ಸರಿಯೇ? ಎಲೆಗಳ ಅಡಿಭಾಗ ನೇರಳೆ ಬಣ್ಣಕ್ಕೆ ತಿರುಗುತ್ತಿದೆ, ಇದು ರೋಗವೇ?

ಸಸ್ಯರೋಗ ವಿದ್ಯಾರ್ಥಿ, ಬಾಗಲಕೋಟೆ | ಜೂನ್ 27

ಅಕ್ಕನವರೇ, ಬಹಳ ಸಂತೋಷವಾಯಿತು. ಮೊದಲ ಜೋಡಿ ಬೀಜದಳಗಳು, ಅವು ಬೀಜದೊಳಗೇ ಮಡಿಚಿಟ್ಟಂತೆ ಇದ್ದವು. ಈಗ ಬಂದವು ನಿಜವಾದ ಎಲೆಗಳು. ಬೀಜದಳಗಳು ಮುಂದೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ.

ನೇರಳೆ ಬಣ್ಣ ರೋಗವಲ್ಲ. ಸಸಿಗೆ ರಂಜಕ (ಫಾಸ್ಫರಸ್) ಸಾಲದೇ ಇದ್ದಾಗ ಎಲೆಯ ಅಡಿಭಾಗ ಹೀಗಾಗುತ್ತದೆ. ಕೋಕೋಪೀಟ್‌ನಲ್ಲಿ ಆಹಾರ ಇಲ್ಲವೆನ್ನುವಷ್ಟು ಕಡಿಮೆ, ಜೊತೆಗೆ ಮೋಡ ಕವಿದ ತಂಪು ಹವೆಯಲ್ಲಿ ಬೇರು ಇದ್ದ ರಂಜಕವನ್ನೂ ಚೆನ್ನಾಗಿ ಹೀರಲಾರದು. ಬೀಜದ ಬುತ್ತಿ ಮುಗಿದಿದೆ, ಈಗ ಆಹಾರ ಕೊಡುವ ಕಾಲ.

ಶ್ರೀನಿವಾಸಪುರದ ಬೆಳೆಗಾರ | ಜೂನ್ 28

ನರ್ಸರಿಯಲ್ಲಿ ಹನ್ನೆರಡನೇ ದಿನಕ್ಕೊಮ್ಮೆ, ಇಪ್ಪತ್ತನೇ ದಿನಕ್ಕೊಮ್ಮೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಮೂರು ಗ್ರಾಂನಂತೆ ಕರಗಿಸಿ ಸಿಂಪಡಿಸುತ್ತೇವೆ. ಮನೆಗೆ ರಾಸಾಯನಿಕ ಬೇಡವೆನ್ನುವವರು ಒಂದು ಹಿಡಿ ಎರೆಹುಳು ಗೊಬ್ಬರವನ್ನು ಒಂದು ಲೀಟರ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿದ ತಿಳಿನೀರನ್ನು ವಾರಕ್ಕೊಮ್ಮೆ ಕೊಡಬಹುದು. ಅದರ ಫಲ ನಿಧಾನ, ಆದರೂ ಬರುತ್ತದೆ.

ಈಗಲೇ ಒಂದು ಮುಖ್ಯವಾದ ಮಾತು ಹೇಳಬೇಕು. ಬಾಲ್ಕನಿಗೆ ಬಂದ ಸಸಿಯ ಮೇಲೆ ಬಿಳಿನೊಣ ಕೂರುತ್ತದೆ. ಎಲೆ ಮುಟುರು ರೋಗದ ನಂಜಾಣು (ವೈರಸ್) ಅದರ ಬಾಯಿಯಿಂದಲೇ ಬರುವುದು. ದೊಡ್ಡ ಗಿಡಕ್ಕೆ ತಗುಲಿದರೆ ಅಷ್ಟಿಷ್ಟು ಹಣ್ಣಾದರೂ ಕೈಗೆ ಬರುತ್ತದೆ, ಎಳೆ ಸಸಿಗೆ ತಗುಲಿದರೆ ಆ ಗಿಡದಿಂದ ಏನೂ ಬರುವುದಿಲ್ಲ, ಗುಣಪಡಿಸುವ ಮದ್ದೂ ಇಲ್ಲ. ಕೋಲಾರದ ಸೀಮೆಯಲ್ಲಿ ಈ ಒಂದು ರೋಗದಿಂದ ಇಡೀ ಹೊಲ ಕಿತ್ತೆಸೆದವರನ್ನು ನಾನು ನೋಡಿದ್ದೇನೆ, ಹದಿನೈದು ಕೆಜಿಯ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ 2023ರ ಜುಲೈನಲ್ಲಿ ಕೂಡ ಅಂಥ ಹೊಲದವರಿಗೆ ಮಾರಲು ಹಣ್ಣಿರಲಿಲ್ಲ. ಆದ್ದರಿಂದ ನಾಲ್ಕು ಕಡ್ಡಿ ಊರಿ, ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಸೊಳ್ಳೆ ಪರದೆಯಂತೆ ಎಲ್ಲ ಕಡೆಯಿಂದ ಮುಚ್ಚಿ, ನಾಟಿ ಮಾಡುವವರೆಗೆ ಸಸಿಗಳನ್ನು ಅದರೊಳಗೇ ಇಡಿ. ನಾವು ಅಂಗುಲಕ್ಕೆ 40ರಿಂದ 50 ಕಣ್ಣುಗಳಿರುವ, ಅಂದರೆ 40ರಿಂದ 50 ಮೆಶ್‌ನ ಬಲೆ ಬಳಸುತ್ತೇವೆ, ಸಾಧಾರಣ ಸೊಳ್ಳೆ ಪರದೆಯ ಕಣ್ಣಿನಲ್ಲಿ ಬಿಳಿನೊಣ ನುಸುಳುತ್ತದೆ.

ಧಾರವಾಡ ಕೈತೋಟ | ಜೂನ್ 29

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಬಂದ ಸಂಕ್ರಾಂತಿ, ನಂದಿ, ವೈಭವ್ ಎಂಬ ತಳಿಗಳು ಈ ಮುಟುರು ರೋಗವನ್ನು ತಡೆಯುವುದಕ್ಕೆಂದೇ ಬೆಳೆಸಿದವು. ಹೈಬ್ರಿಡ್ ಅಲ್ಲವಾದ್ದರಿಂದ ಬೀಜವನ್ನೂ ಹಿಡಿಯಬಹುದು. ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ, ಕೇಳಿ ಪಡೆಯಬೇಕು.

ಮೂರನೇ ಮಹಡಿ, ಮೈಸೂರು | ಜುಲೈ 6

ಇಂದಿಗೆ ಇಪ್ಪತ್ತೆರಡು ದಿನ. ಎರೆಹುಳು ಗೊಬ್ಬರದ ತಿಳಿನೀರನ್ನು ಎರಡು ಸಲ ಕೊಟ್ಟೆ, ಹೊಸ ಎಲೆಗಳಲ್ಲಿ ನೇರಳೆ ಬಣ್ಣ ಇಲ್ಲ. ಮೂರು ನಾಲ್ಕು ನಿಜ ಎಲೆಗಳು ಬಂದಿವೆ, ಲೋಟದ ತೂತಿನಲ್ಲಿ ಬಿಳಿ ಬೇರು ಇಣುಕುತ್ತಿದೆ. ನೇರವಾಗಿ ದೊಡ್ಡ ಕುಂಡಕ್ಕೆ ಹಾಕಲೇ, ನಡುವೆ ಇನ್ನೊಂದು ಪಾತ್ರೆಗೆ ಬದಲಿಸಲೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಕರಾವಳಿ ಹಿತ್ತಲು, ಪುತ್ತೂರು | ಜುಲೈ 6

ನಾನು ನೇರವಾಗಿಯೇ ನೆಡುತ್ತೇನೆ. ಎರಡು ಸಲ ಬೇರು ಅಲುಗಾಡಿಸುವುದು ಏಕೆ?

ಶ್ರೀನಿವಾಸಪುರದ ಬೆಳೆಗಾರ | ಜುಲೈ 7

ಪುತ್ತೂರಿನವರ ಮಾತು ನೆಲಕ್ಕೆ ನೆಡುವವರಿಗೆ ಸರಿ, ನಾವೂ ಇಪ್ಪತ್ತೈದು ದಿನದ ಪೈರನ್ನು ನೇರ ಹೊಲಕ್ಕೇ ನೆಡುತ್ತೇವೆ. ಆದರೆ ಬಾಲ್ಕನಿಯಲ್ಲಿ ಇಪ್ಪತ್ತು ಲೀಟರ್ ಮಣ್ಣಿನ ನಡುವೆ ಪುಟ್ಟ ಸಸಿ ಇಟ್ಟರೆ, ಮೋಡದ ದಿನಗಳಲ್ಲಿ ಅಷ್ಟೂ ಮಣ್ಣು ಒಣಗದೆ ಹಸಿಯಾಗಿ ನಿಲ್ಲುತ್ತದೆ. ಜುಲೈ ತಿಂಗಳಲ್ಲಿ ಅದು ಮತ್ತೆ ಬೇರು ಕೊಳೆಯುವುದಕ್ಕೆ ದಾರಿ. ಆದ್ದರಿಂದ ಈ ಹವೆಗೆ, ನಿಮ್ಮ ಜಾಗಕ್ಕೆ, ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ತೊಳೆದು, ಬುಡಕ್ಕೆ ತೂತು ಮಾಡಿ, ಕೆಮ್ಮಣ್ಣು, ಕೋಕೋಪೀಟ್, ಎರೆಹುಳು ಗೊಬ್ಬರ ಸಮನಾಗಿ ಬೆರೆಸಿ ಹತ್ತು ದಿನ ಅದರಲ್ಲಿ ಬೆಳೆಸಿ.

ಬದಲಿಸುವಾಗ ಬೀಜದಳದವರೆಗೂ ಕಾಂಡವನ್ನು ಮಣ್ಣಿನಲ್ಲಿ ಮುಚ್ಚಿ. ಟೊಮೇಟೊ ಕಾಂಡದ ಮೇಲೆ ಕಾಣುವ ನವಿರಾದ ಉಬ್ಬುಗಳಿಂದ ಮಣ್ಣೊಳಗೆ ಹೊಸ ಬೇರು ಒಡೆಯುತ್ತದೆ, ಈ ಗುಣ ಬದನೆಗೂ ಮೆಣಸಿನ ಗಿಡಕ್ಕೂ ಇಷ್ಟಿಲ್ಲ. ಸ್ವಲ್ಪ ಉದ್ದವಾಗಿ ಬೆಳೆದ ಸಸಿಯನ್ನು ಉಳಿಸಿಕೊಳ್ಳುವ ದಾರಿಯೂ ಇದೇ. ಸಸಿಯನ್ನು ಎತ್ತುವಾಗ ಕಾಂಡ ಹಿಡಿಯದೆ ಎಲೆ ಹಿಡಿಯಿರಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಲುಗಿದರೆ ಸಸಿಯೇ ಹೋಯಿತು. ಕೊನೆಯ ಐದಾರು ದಿನ ನೀರನ್ನು ಸ್ವಲ್ಪ ಬಿಗಿ ಮಾಡಿ, ದಿನಕ್ಕೆ ಒಂದೊಂದು ಗಂಟೆ ಹೆಚ್ಚು ಬಿಸಿಲಿಗೆ ಒಗ್ಗಿಸಿ, ಸಂಜೆ ಹೊತ್ತು ದೊಡ್ಡ ಕುಂಡಕ್ಕೆ ನೆಡಿ.

ಮೂರನೇ ಮಹಡಿ, ಮೈಸೂರು | ಆಗಸ್ಟ್ 10

ಜುಲೈ 17ರಂದು ಮೂರು ಸಸಿಗಳನ್ನು ದೊಡ್ಡ ಕುಂಡಗಳಿಗೆ ನೆಟ್ಟೆ. ಬೆಳಗಿನ ಬಿಸಿಲು ಮಾತ್ರ ಬೀಳುವ ಬಾಲ್ಕನಿಗೆ ಮೂರಕ್ಕಿಂತ ಹೆಚ್ಚು ಬೇಡವೆನಿಸಿ, ನಾಲ್ಕನ್ನು ಕೆಳಗಿನ ಮನೆಯ ಹಿರಿಯರ ಅಂಗಳಕ್ಕೆ, ಮೂರನ್ನು ಮಗಳ ಶಾಲೆಯ ತೋಟಕ್ಕೆ ಕೊಟ್ಟೆ. ಪ್ಯಾಕೆಟ್ ಕತ್ತರಿಸಿ ತೆಗೆದಾಗ ಮಣ್ಣೊಳಗೆ ಹುದುಗಿಸಿದ್ದ ಕಾಂಡದ ಉದ್ದಕ್ಕೂ ಹೊಸ ಬೇರುಗಳು ಹಲ್ಲುಜ್ಜುವ ಕುಂಚದ ಕೂದಲಿನಂತೆ ಬಂದಿದ್ದನ್ನು ಮಗಳು ಬಹಳ ಹೊತ್ತು ನೋಡುತ್ತ ಕುಳಿತಳು.

ಇಂದು ಬೆಳಿಗ್ಗೆ ಮೊದಲ ಗೊಂಚಲಿನಲ್ಲಿ ಎರಡು ಹಳದಿ ಹೂಗಳು ಅರಳಿವೆ. ಮೂರನೇ ಮಹಡಿಗೆ ದುಂಬಿ ಬರುವುದು ಅಪರೂಪ. ಕಾಯಿ ಕಟ್ಟಲು ನಾನೇನಾದರೂ ಮಾಡಬೇಕೇ?

ಧಾರವಾಡ ಕೈತೋಟ | ಆಗಸ್ಟ್ 10

ಅಭಿನಂದನೆಗಳು. ದುಂಬಿ ಬಾರದಿದ್ದರೂ ಗಾಳಿ ಅಲುಗಾಡಿಸಿದರೆ ಸಾಕು. ಬಿಸಿಲು ಬಂದು ಇಬ್ಬನಿ ಆರಿದ ಮೇಲೆ, ಒಂಬತ್ತು ಹತ್ತು ಗಂಟೆಯ ಹೊತ್ತಿಗೆ, ಗೊಂಚಲಿನ ತೊಟ್ಟನ್ನು ಬೆರಳಿನಿಂದ ಎರಡು ಮೂರು ಸಲ ಮೆಲ್ಲಗೆ ತಟ್ಟಿ. ಪರಾಗ ಅದೇ ಹೂವಿನೊಳಗೆ ಉದುರುತ್ತದೆ. ಹೂವು ಅರಳಿದ ದಿನವನ್ನು ಒಂದು ಚೀಟಿಯಲ್ಲಿ ಬರೆದು ಕಡ್ಡಿಗೆ ಕಟ್ಟಿಬಿಡಿ, ಕಾಯಿ ಕಚ್ಚಿ ಹಣ್ಣಾಗಲು ಸುಮಾರು ಒಂದೂವರೆ ತಿಂಗಳು ಬೇಕು. ನಿಮ್ಮದು ಹೈಬ್ರಿಡ್ ಅಲ್ಲದ ತಳಿಯಾಗಿದ್ದರೆ, ಮೊದಲ ಗೊಂಚಲಿನ ಒಂದು ಹಣ್ಣನ್ನು ಕೊಯ್ಯದೆ ಗಿಡದಲ್ಲೇ ಪೂರ್ತಿ ಮಾಗಲು ಬಿಡಿ.

ಮೂರನೇ ಮಹಡಿ, ಮೈಸೂರು | ಆಗಸ್ಟ್ 11

ಪೊಟ್ಟಣದ ಮೇಲೆ ಅರ್ಕಾ ವಿಕಾಸ್ ಎಂದಿದೆ, ಹೈಬ್ರಿಡ್ ಎಂದು ಬರೆದಿಲ್ಲ. ಚೀಟಿ ಕಟ್ಟಿದ್ದೇನೆ. ಒಂದು ಹಣ್ಣನ್ನು ಬೀಜಕ್ಕೆಂದು ಬಿಡುತ್ತೇನೆ, ಕೆಂಪಾದ ಮೇಲೆ ಲೋಟದಲ್ಲಿ ಎಷ್ಟು ದಿನ ಹುಳಿಸಿದೆನೆಂದು ಇಲ್ಲಿಯೇ ಬರೆಯುತ್ತೇನೆ.